ಲೈಸೆನ್ಸಿನ ಮೇಲೊಂದು ಲೈಸೆನ್ಸ್

ಪ್ರಶ್ನೆ: ಇನ್ನೊಬ್ಬರಿಂದ ಲೈಸೆನ್ಸ್ ಪಡೆದ ಸಾಫ್ಟ್‌ವೇರನ್ನು ನಾವು ಬೇರೊಂದು ಕಂಪನಿಗೆ ಉಪಲೈಸೆನ್ಸ್ ಕೊಡಬಹುದೇ? ಕರಾರಿನಲ್ಲಿ ಏನೇನಿರಬೇಕು?

ಉತ್ತರ: ಮೂಲ ಒಡೆಯರ ಅನುಮತಿ ಇದ್ದರೆ ಮಾತ್ರ ಕೊಡಬಹುದು. ಹೊಸ ಕರಾರು ಬರೆಯಲು ಕೂರುವ ಮೊದಲು ಹಳೆಯದನ್ನು ತೆಗೆದು ಓದಿ. ಅದರಲ್ಲಿ ಉಪಲೈಸೆನ್ಸಿನ ಮಾತೇ ಇಲ್ಲವಾದರೆ ಹಕ್ಕಿಲ್ಲವೆಂದೇ ತಿಳಿದು ಲಿಖಿತ ಒಪ್ಪಿಗೆ ಕೇಳುವುದು ಕ್ಷೇಮ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿಗೇ ಸೇರಿಸಿದೆ. ಅದರ 30ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬರವಣಿಗೆಯಲ್ಲಿರಬೇಕು. ಹಲವರು ಎಡವುವುದು ಇದರ ಮುಂದಿನ ನಿಯಮದಲ್ಲಿ. 30ಎ ಮತ್ತು 19ನೇ ಸೆಕ್ಷನ್‌ಗಳನ್ನು ಜೋಡಿಸಿ ಓದಿದರೆ, ಅವಧಿ ನಮೂದಿಸದ ಲೈಸೆನ್ಸನ್ನು 5 ವರ್ಷದ್ದೆಂದು ಭಾವಿಸಲಾಗುತ್ತದೆ; ಪ್ರದೇಶ ನಮೂದಿಸದಿದ್ದರೆ ಅದು ಭಾರತಕ್ಕಷ್ಟೇ ಸೀಮಿತ. "ದುಬೈ ಶಾಖೆಯಲ್ಲೂ ಬಳಸಬಹುದು" ಎಂಬ ಒಂದು ಸಾಲು ಬಿಟ್ಟುಹೋದರೆ ಅಲ್ಲಿನ ಬಳಕೆಗೆ ಆಧಾರವೇ ಇರದು.

ಮೂಲ ಕರಾರು ರದ್ದಾದರೆ ಉಪಲೈಸೆನ್ಸಿನ ಗತಿಯೇನು, ಸೋರ್ಸ್ ಕೋಡ್ ಕೈಗೆ ಸಿಗುತ್ತದೆಯೇ ಎಂಬುದನ್ನೂ ಬಿಡಿಸಿ ಬರೆಯಿರಿ. ಮುಖ್ಯವಾಗಿ, ನಿಮಗಿಲ್ಲದ ಹಕ್ಕನ್ನು ನೀವು ಕೊಡಲಾಗದು. ಮೂಲ ಲೈಸೆನ್ಸ್ 2028ಕ್ಕೆ ಮುಗಿಯುವುದಾದರೆ 2030ರವರೆಗೆ ಬರೆದುಕೊಡಬೇಡಿ. ಸಹಿ ಹಾಕುವ ಮುನ್ನ ಎರಡೂ ಕರಾರುಗಳನ್ನು ಒಟ್ಟಿಗೇ ವಕೀಲರಿಗೆ ತೋರಿಸಿ.