ಕುಳಿತು ಆಡಿದರೂ ದೇಹ ಸವೆಯುತ್ತದೆ

‘ಕುಳಿತಲ್ಲೇ ಆಡುವ ಕಂಪ್ಯೂಟರ್ ಆಟದಿಂದ ಮೈಗೇನು ತೊಂದರೆ?’ ಎಂದು ಕೇಳುವವರುಂಟು. ಆಟವನ್ನೇ ವೃತ್ತಿ ಮಾಡಿಕೊಂಡವರ ಅನುಭವ ಬೇರೆಯೇ ಇದೆ.

‘ಉಜಿ’ ಎಂದೇ ಪ್ರಸಿದ್ಧರಾದ ಚೀನಾದ ಜಿಯಾನ್ ಜಿಹಾವೊ ಹದಿಹರೆಯದಲ್ಲೇ ‘ಲೀಗ್ ಆಫ್ ಲೆಜೆಂಡ್ಸ್’ ಆಟದ ವೃತ್ತಿಗಿಳಿದವರು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಪ್ರದರ್ಶನ ಸ್ಪರ್ಧೆಯಲ್ಲಿ ಗೆದ್ದ ಚೀನಾ ತಂಡದಲ್ಲಿದ್ದರು. ಆದರೆ 2020ರ ಜೂನ್‌ನಲ್ಲಿ, 23ನೇ ವಯಸ್ಸಿಗೇ ನಿವೃತ್ತಿ ಘೋಷಿಸಿದರು. ಕಾರಣ, ಎರಡನೇ ಬಗೆಯ ಮಧುಮೇಹ. ವರ್ಷಗಟ್ಟಲೆ ನಿದ್ದೆಗೆಟ್ಟದ್ದು, ಕೊಬ್ಬಿನ ಆಹಾರ, ವಿಪರೀತ ಒತ್ತಡ ಇದಕ್ಕೆ ಮೂಲವೆಂದು ಅವರೇ ಹೇಳಿಕೊಂಡರು. ಮುಂದೆ ಆಟಕ್ಕೆ ಮರಳಿದರಾದರೂ ಅವರ ಕಥೆ ಎಲ್ಲರಿಗೂ ಎಚ್ಚರಿಕೆ.

ಇದು ಹೇಗಾಗುತ್ತದೆ? ರಕ್ತದಲ್ಲಿನ ಸಕ್ಕರೆಯನ್ನು ದುಡಿಯುವ ಸ್ನಾಯುಗಳು ಬಳಸಿಕೊಳ್ಳುತ್ತವೆ. ಗಂಟೆಗಟ್ಟಲೆ ಕುಳಿತರೆ ಈ ಬಳಕೆ ತಗ್ಗುತ್ತದೆ. ನಿದ್ದೆ ಕಡಿಮೆಯಾದರೆ ಇನ್ಸುಲಿನ್‌ನ ಪರಿಣಾಮ ಕುಗ್ಗಿ, ಹಸಿವು ಹೆಚ್ಚಿ, ಬೊಜ್ಜು ಬೆಳೆಯುತ್ತದೆ. ಜೊತೆಗೆ, ಮೌಸ್ ಹಿಡಿದ ಕೈ ಒಂದೇ ಚಲನೆಯನ್ನು ಸಾವಿರಾರು ಬಾರಿ ಮಾಡುವುದರಿಂದ ಮಣಿಕಟ್ಟು ನೋಯಬಹುದು, ಬೆರಳುಗಳು ಜೋಮು ಹಿಡಿಯಬಹುದು.

ನಿಮ್ಮ ಮಗ ಅಥವಾ ಮಗಳಿಗೆ ಈ ಆಟದಲ್ಲೇ ಮುಂದೆ ಬರುವ ಆಸೆಯಿದ್ದರೆ ಬೈದು ಫಲವಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲಿ. ಹೊತ್ತಿಗೆ ಸರಿಯಾಗಿ ಮನೆಯವರೊಂದಿಗೆ ಕುಳಿತು ಉಣ್ಣಲಿ. ಹದಿಹರೆಯದವರಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕು. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದ ಸುಸ್ತು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ದೇಹ ಗಟ್ಟಿಯಿದ್ದರೆ ತಾನೇ ಆಟ?