‘ನಾನು ಇರುವುದೇ ಹೀಗೆ’ ಎನ್ನುವ ಮುನ್ನ



ಕಳೆದ ವರ್ಷ ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಕಾರ್ಯಕ್ರಮ ನಿರೂಪಿಸಲು ನಿಮ್ಮದೇ ವಯಸ್ಸಿನ ಹುಡುಗಿಯೊಬ್ಬಳನ್ನು ಕೇಳಿದೆ. “ಬೇಡ ಅಂಕಲ್, ನಾನು ಇಂಟ್ರೋವರ್ಟ್. ಆಫೀಸಿನಲ್ಲಿ ಟೆಸ್ಟ್ ಮಾಡಿದ್ರು, ಅದ್ರಲ್ಲೇ ಬಂದಿದೆ” ಎಂದಳು. ಡಾಕ್ಟರ ಚೀಟಿ ತೋರಿಸಿದ ಹಾಗಿತ್ತು. ನಾನು ಒತ್ತಾಯ ಮಾಡಲಿಲ್ಲ. ಹತ್ತು ನಿಮಿಷ ಬಿಟ್ಟು ಹೊರಗೆ ಬಂದರೆ, ಅದೇ ಹುಡುಗಿ ಟೆಂಟಿನವನೊಂದಿಗೆ ಹಿಂದಿಯಲ್ಲಿ ಜಗಳಕ್ಕೇ ನಿಂತಿದ್ದಾಳೆ! ಇನ್ನೂರು ಕುರ್ಚಿ ಹೇಳಿ ನೂರೈವತ್ತು ತಂದಿದ್ದನಂತೆ. ಅವಳ ದನಿ ಗೇಟಿನವರೆಗೂ ಕೇಳುತ್ತಿತ್ತು.

ಇವಳು ಅಂತರ್ಮುಖಿಯೇ? ಈ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಿಮ್ಮಲ್ಲೂ ಅನೇಕರು ಇಂಥ ಪರೀಕ್ಷೆ ಬರೆದು ನಾಲ್ಕು ಅಕ್ಷರದ ಬಿರುದು ಪಡೆದಿರಬಹುದು. ಮೈಯರ್ಸ್-ಬ್ರಿಗ್ಸ್ ಎಂಬ ಆ ಪರೀಕ್ಷೆಯ ಮೂಲ, ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಪುಸ್ತಕ. ಅದನ್ನು ಓದಿ ಮೆಚ್ಚಿದ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ರಶ್ನಾವಳಿಯನ್ನು ರೂಪಿಸಿದರು. ಇಬ್ಬರೂ ಮನಶ್ಶಾಸ್ತ್ರದ ಪದವೀಧರರಲ್ಲ. ಅದೊಂದು ದೊಡ್ಡ ದೋಷವೆಂದು ನಾನು ಹೇಳುವುದಿಲ್ಲ. ದೋಷವಿರುವುದು ಮನುಷ್ಯರನ್ನು ಹದಿನಾರು ಡಬ್ಬಿಗಳಲ್ಲಿ ತುಂಬುವುದರಲ್ಲಿ. ಐದೂವರೆ ಅಡಿಗೆ ಗೆರೆ ಎಳೆದು ಈಚೆಯವರು ಗಿಡ್ಡರು, ಆಚೆಯವರು ಉದ್ದನೆಯವರು ಎಂದರೆ ಒಪ್ಪುತ್ತೀರಾ? ಬಹುಪಾಲು ಜನ ಗೆರೆಯ ಆಸುಪಾಸಿನಲ್ಲೇ ಇರುತ್ತಾರೆ. ಆದ್ದರಿಂದಲೇ ಕೆಲವು ವಾರ ಬಿಟ್ಟು ಅದೇ ಪರೀಕ್ಷೆ ಬರೆದರೆ ಎಷ್ಟೋ ಜನಕ್ಕೆ ಬಿರುದೇ ಬದಲಾಗಿಬಿಡುತ್ತದೆ.

“ಆದರೆ ನನ್ನ ವಿಷಯದಲ್ಲಿ ಅಕ್ಷರಶಃ ನಿಜವಾಗಿತ್ತಲ್ಲ!” ಎನ್ನುವಿರಿ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಂದ ಪರೀಕ್ಷೆ ಬರೆಸಿ, ಒಬ್ಬೊಬ್ಬರಿಗೂ ಅವರವರ ವ್ಯಕ್ತಿತ್ವದ ವರ್ಣನೆಯೆಂದು ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಹಾಕಲು ಹೇಳಿದ. ಸರಾಸರಿ 4.26 ಬಂತು. ಆಮೇಲೆ ಗುಟ್ಟು ಬಯಲಾಯಿತು: ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಅದೂ ಬಹುಮಟ್ಟಿಗೆ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು! ವಾರಭವಿಷ್ಯ ಓದುವ ನಿಮ್ಮ ತಾಯಿಯವರನ್ನು ಇನ್ನು ನಗಬೇಡಿ.

ಇಂದು ಸಂಶೋಧಕರು ಹೆಚ್ಚಾಗಿ ನಂಬುವುದು ಡಬ್ಬಿಗಳನ್ನಲ್ಲ, ಅಳತೆಗೋಲುಗಳನ್ನು. ಹೊಸತರ ಕುತೂಹಲ, ಶಿಸ್ತು, ಬಹಿರ್ಮುಖತೆ, ಹೊಂದಾಣಿಕೆ, ಮನಸ್ಸಿನ ತಳಮಳ ಎಂಬ ಐದು ಗುಣಗಳಲ್ಲಿ ಪ್ರತಿಯೊಬ್ಬರಿಗೂ ಹೆಚ್ಚುಕಡಿಮೆ ಪಾಲು ಇದ್ದೇ ಇರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯಲ್ಲಿ ಅರ್ಧ ಸತ್ಯವಿದೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ನಡುವಣ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಅನುವಂಶೀಯ. ಉಳಿದರ್ಧಕ್ಕೆ ಅವಕಾಶವಿದೆ. 2017ರಲ್ಲಿ 207 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಾಸರಿ 24 ವಾರಗಳ ಚಿಕಿತ್ಸೆಯಲ್ಲಿ ಜನರ ಗುಣಗಳು, ಅದರಲ್ಲೂ ತಳಮಳದ ಗುಣ, ಅಳೆಯುವಷ್ಟು ಬದಲಾಗಿದ್ದವು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ವಾಲ್ಟರ್ ಮಿಶೆಲ್ ಮತ್ತು ಯೂಚಿ ಶೋಡಾ ಅವರ ಕೆಲಸ. ಬೇಸಿಗೆ ಶಿಬಿರವೊಂದರಲ್ಲಿ ಮಕ್ಕಳನ್ನು ವಾರಗಟ್ಟಲೆ ಗಮನಿಸಿ 1994ರಲ್ಲಿ ಅವರು ಪ್ರಕಟಿಸಿದ ವರದಿಯ ಸಾರ ಇಷ್ಟು. ಇಬ್ಬರು ಹುಡುಗರು ಜಗಳವಾಡುವ ಲೆಕ್ಕ ಒಟ್ಟಿನಲ್ಲಿ ಒಂದೇ ಇರಬಹುದು. ಆದರೆ ಒಬ್ಬ ಕೆರಳುವುದು ಓರಗೆಯವರು ರೇಗಿಸಿದಾಗ. ದೊಡ್ಡವರು ಗದರಿದರೆ ತೆಪ್ಪಗಿರುತ್ತಾನೆ. ಇನ್ನೊಬ್ಬ ಇದಕ್ಕೆ ತದ್ವಿರುದ್ಧ. ಇಬ್ಬರಿಗೂ ‘ಜಗಳಗಂಟ’ ಎಂಬ ಚೀಟಿ ಅಂಟಿಸಿದರೆ ಇಬ್ಬರೂ ನಮಗೆ ಅರ್ಥವಾಗುವುದಿಲ್ಲ. ‘ಹೀಗಾದರೆ ಹೀಗೆ’ ಎಂಬ ಆ ಜಾಡು ಮಾತ್ರ ಮಗುವಿನಿಂದ ಮಗುವಿಗೆ ಬೇರೆ, ಒಂದೇ ಮಗುವಿನಲ್ಲಿ ಮತ್ತೆ ಮತ್ತೆ ಅದೇ.

ಇದನ್ನು ಓದಿದ ಮೇಲೆ ಆ ಹುಡುಗಿಗೆ ಬೇರೆ ಪ್ರಶ್ನೆ ಕೇಳಿದೆ: “ಯಾವಾಗ ನಿನ್ನ ಬಾಯಿ ಕಟ್ಟುತ್ತದಮ್ಮ?” ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ವೇದಿಕೆಯಲ್ಲೇ “ನಮ್ಮ ಅಜ್ಜನ ಹಲ್ಲಿಯಲ್ಲಿ ನೂರು ಮನೆ ಇವೆ” ಅಂದಳಂತೆ. ಹಳ್ಳಿ ಹಲ್ಲಿಯಾಯಿತು, ಸಭೆಯೆಲ್ಲ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿ ಕುಳಿತು “ಹಲ್ಲಿ ಲೊಚಗುಟ್ಟಿತೋ?” ಎಂದು ಕೂಗಿದವನು ನಾನು. ನನಗದು ಮರೆತೇಹೋಗಿತ್ತು. ಅವಳಿಗೆ ನೆನಪಿತ್ತು.

ಅವಳು ಅಂತರ್ಮುಖಿಯಲ್ಲವೆಂದು ನಾನೀಗ ತೀರ್ಪು ಕೊಡುವುದಿಲ್ಲ. ಗದ್ದಲಕ್ಕಿಂತ ಒಂಟಿತನ ಹಿತವೆನ್ನುವವರು ಇರುತ್ತಾರೆ, ಅದು ರೋಗವಲ್ಲ. ಆದರೆ ಹಿರಿಯರ ಮುಂದೆ ಕನ್ನಡ ಮಾತಾಡಬೇಕಾದಾಗ ಮಾತ್ರ ಬಾಯಿ ಕಟ್ಟುವುದು ಸ್ವಭಾವವಲ್ಲ, ಪೆಟ್ಟು ತಿಂದ ನೆನಪು. ಊರಿಗೆ ಹೋದಾಗ ಸೋದರತ್ತೆಯ ಮಕ್ಕಳೆದುರು ಮೂಕರಾಗುವ ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿರುತ್ತದೆ.

ಎರಡು ವಾರ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಸಿಟ್ಟು ಬಂದಾಗ, ಹಿಂಜರಿದಾಗ, ಬೇಡವೆಂದರೂ ‘ಹೂಂ’ ಅಂದಾಗ ಬರೆಯಿರಿ: ಎದುರಿಗೆ ಯಾರಿದ್ದರು, ಮನಸ್ಸಿಗೆ ಏನು ಹೊಳೆಯಿತು, ಏನು ಮಾಡಿದಿರಿ. ‘ನಾನು ಹೇಡಿ’ ಎಂದು ಬರೆಯಬೇಡಿ. ‘ಮ್ಯಾನೇಜರ್ ಗಡಿಯಾರ ನೋಡಿದರು, ನಾನು ಮಾತು ನುಂಗಿದೆ’ ಎಂದು ಬರೆಯಿರಿ. ನಾನೂ ಬರೆದೆ. ಸಭೆಯಲ್ಲಿ ಎಲ್ಲರೂ ಸುಮ್ಮನಾದರೆ ನನಗೆ ಕಸಿವಿಸಿ, ಕೂಡಲೇ ಯಾರನ್ನಾದರೂ ಹಾಸ್ಯ ಮಾಡುತ್ತೇನೆ. ಅರವತ್ತು ದಾಟಿದ ಮೇಲೆ ತಿಳಿದ ಸಂಗತಿ ಇದು. ಕನ್ನಡದಲ್ಲಿ ಇನ್ನೂ ಓದುವ ಆಸೆಯಿದ್ದರೆ ‘ಕೊರವಂಜಿ’ಯ ಸಂಪಾದಕರಾಗಿದ್ದ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಹುಡುಕಿ; 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕೃತಿ.

ನಿದ್ದೆ, ಊಟ, ಕೆಲಸ ಕೆಡುವಷ್ಟು ದುಗುಡ ವಾರಗಟ್ಟಲೆ ಇದ್ದರೆ ಮಾತ್ರ ನೋಟ್‌ಬುಕ್ ಸಾಲದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ಗೆ, 14416ಕ್ಕೆ, ಫೋನ್ ಮಾಡಿ. ಖರ್ಚಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ, ಕನ್ನಡದಲ್ಲೂ ಮಾತಾಡಬಹುದು.

ಈ ನವೆಂಬರಿನಲ್ಲಿ ಆ ಹುಡುಗಿ ಎರಡು ಐಟಂ ಮಾತ್ರ ನಿರೂಪಿಸಲು ಒಪ್ಪಿದ್ದಾಳೆ. ಮಾತುಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಪ್ರತಿ ‘ಳ’ಕಾರದ ಕೆಳಗೆ ಕೆಂಪು ಗೆರೆ ಎಳೆದಿದ್ದಾಳೆ. ಒಂದೇ ಷರತ್ತು: ನಾನು ಮುಂದಿನ ಸಾಲಿನಲ್ಲಿ ಕೂರಬಾರದು. ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ, ನನ್ನ ಕುರ್ಚಿಯನ್ನು ಈಗಲೇ ಗೊತ್ತುಮಾಡಿಕೊಂಡಿದ್ದೇನೆ.