ಬಿಸಿಯಿದ್ದರಷ್ಟೇ ಓಡುವ ಲಿಥಿಯಂ

ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರಿನ ಸೀಟಿನಡಿ ಎಂಟು ಸೀಸ-ಆಮ್ಲದ ಬ್ಯಾಟರಿಗಳಿದ್ದವು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. 2009ರಲ್ಲಿ ಅದೇ ಪುಟ್ಟ ಕಾರಿಗೆ ಲಿಥಿಯಂ ಅಯಾನ್ ಬ್ಯಾಟರಿ ಕೂರಿಸಿದಾಗ ಓಟ 120 ಕಿಲೋಮೀಟರಿಗೆ ಏರಿತು. ಕಾರು ಬದಲಾಗಲಿಲ್ಲ, ಒಳಗಿನ ರಸಾಯನ ಬದಲಾಯಿತು.

ಇನ್ನೂ ದೊಡ್ಡ ಜಿಗಿತವೊಂದು ಬಾಕಿಯಿದೆ. ಈಗಿನ ಸೆಲ್ಲುಗಳಲ್ಲಿ ಲಿಥಿಯಂ ಹೋಗಿ ಕೂರುವುದು ಗ್ರಾಫೈಟಿನ ಪದರಗಳ ನಡುವೆ. ಒಂದು ಗ್ರಾಂ ಗ್ರಾಫೈಟ್ ಹಿಡಿದಿಡುವುದು 372 ಮಿಲಿಆಂಪಿಯರ್-ಗಂಟೆ. ಗ್ರಾಫೈಟನ್ನು ಕೈಬಿಟ್ಟು ಲಿಥಿಯಂ ಲೋಹವನ್ನೇ ಇಟ್ಟರೆ 3,860! ಆದರೆ ಚಾರ್ಜ್ ಆಗುವಾಗ ಈ ಲೋಹ ಸಮವಾಗಿ ಕೂರುವುದಿಲ್ಲ. ಕವಲೊಡೆದ ಮುಳ್ಳುಗಳಾಗಿ ಬೆಳೆದು ಎದುರಿನ ಧ್ರುವವನ್ನು ಮುಟ್ಟುತ್ತದೆ, ಸೆಲ್ ಶಾರ್ಟ್ ಆಗುತ್ತದೆ. ನಡುವೆ ಅಯಾನುಗಳನ್ನು ಸಾಗಿಸುವ ದ್ರವವೋ (ಎಲೆಕ್ಟ್ರೋಲೈಟ್), ಬೆಂಕಿ ಹೊತ್ತುವಂಥದ್ದು.

ಆ ದ್ರವವನ್ನೇ ತೆಗೆದು ಪ್ಲಾಸ್ಟಿಕ್ ಹಾಳೆ ಇಟ್ಟರೆ? 1973ರಲ್ಲಿ ಶೆಫೀಲ್ಡಿನ ಪೀಟರ್ ರೈಟ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್ ಲವಣಗಳನ್ನು ಕರಗಿಸಿಕೊಳ್ಳುತ್ತದೆಂದು ತೋರಿಸಿದ್ದರು. ಇದನ್ನೇ ಬ್ಯಾಟರಿಗೆ ಬಳಸಬಹುದೆಂದು 1978ರಲ್ಲಿ ಸೂಚಿಸಿದವರು ಫ್ರಾನ್ಸಿನ ಮಿಷೆಲ್ ಅರ್ಮಾಂ. ಈ ಪಾಲಿಮರ್ ಸರಪಳಿಯಲ್ಲಿ ಎರಡೆರಡು ಇಂಗಾಲಕ್ಕೊಂದು ಆಮ್ಲಜನಕ. ಆಮ್ಲಜನಕಗಳು ಲಿಥಿಯಂ ಅಯಾನನ್ನು ಸುತ್ತುವರಿದು ಹಿಡಿಯುತ್ತವೆ. ಸರಪಳಿ ಮಿಸುಕಿದಾಗ ಅಯಾನು ಒಂದು ಹಿಡಿತದಿಂದ ಇನ್ನೊಂದಕ್ಕೆ ಸರಿಯುತ್ತದೆ, ಜಾತ್ರೆಯ ನೂಕುನುಗ್ಗಲಲ್ಲಿ ಮಗುವನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ.

ತೊಡಕಿರುವುದೂ ಇಲ್ಲೇ. ಸರಪಳಿ ಮಿಸುಕದಿದ್ದರೆ ಅಯಾನು ಕದಲದು. ಸಾಮಾನ್ಯ ತಾಪಮಾನದಲ್ಲಿ ಈ ಪಾಲಿಮರಿನ ಬಹುಭಾಗ ಹರಳುಗಟ್ಟಿ ಬಿಗಿದುಕೊಂಡಿರುತ್ತದೆ. ಹರಳು ಕರಗುವುದು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಂಗಳೂರಿನ ಏಪ್ರಿಲ್ ಬಿಸಿಲೂ ಅದಕ್ಕೆ ಸಾಲದು. 2011ರಿಂದ ಪ್ಯಾರಿಸ್ಸಿನಲ್ಲಿ ಬಾಡಿಗೆಗೆ ಓಡಿದ ಬ್ಲೂಕಾರ್‌ಗಳಲ್ಲಿ ಇಂಥದೇ ಬ್ಯಾಟರಿ ಇತ್ತು. ಅದನ್ನು ಸದಾ ಬಿಸಿಯಾಗಿಡಬೇಕಿತ್ತು. ನಿಂತ ಕಾರೂ ವಿದ್ಯುತ್ ತಿನ್ನುತ್ತಿತ್ತು.

ಮುಳ್ಳನ್ನು ತಡೆಯಲು ಹಾಳೆ ಗಡುಸಾಗಿರಬೇಕು, ಅಯಾನು ಸಾಗಲು ಮೆತ್ತಗಿರಬೇಕು. ಇದಕ್ಕೆಂದು ಗಡುಸಾದ ಪಾಲಿಸ್ಟೈರೀನ್ ತುಂಡಿಗೆ ಮೆತ್ತನೆಯ ತುಂಡನ್ನು ಒಂದೇ ಸರಪಳಿಯಲ್ಲಿ ಹೆಣೆಯುತ್ತಾರೆ. 1998ರಲ್ಲಿ ರೋಮಿನ ಬ್ರೂನೋ ಸ್ಕ್ರೊಸಾಟಿ ತಂಡ ಸೆರಾಮಿಕ್‌ನ ನ್ಯಾನೋ ಕಣಗಳನ್ನು ಬೆರೆಸಿ ಹರಳುಗಟ್ಟುವುದನ್ನು ತಡೆಯಿತು. ಇನ್ನೊಂದು ಕೊರತೆಯೂ ಇದೆ: ಹರಿಯುವ ವಿದ್ಯುತ್ತಿನಲ್ಲಿ ಲಿಥಿಯಂ ಹೊರುವುದು ಐದರಲ್ಲೊಂದು ಪಾಲಿನಷ್ಟೇ, ಉಳಿದದ್ದನ್ನು ಲವಣದ ಋಣ ಅಯಾನು ಹೊರುತ್ತದೆ. ಅದನ್ನು ಸರಪಳಿಗೇ ಕಟ್ಟಿಹಾಕುವ ಪ್ರಯತ್ನಗಳು ನಡೆದಿವೆ.

ನನಗೆ ಹೆಚ್ಚು ಮಹತ್ವದ್ದೆನಿಸುವುದು ಲೋಹವೂ ಎಲೆಕ್ಟ್ರೋಲೈಟೂ ತಾಗುವ ಜಾಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಗ ಫಣಿ ಏಟುಕೂರಿ ಅವರ ತಂಡ 2022ರಲ್ಲಿ ಸೆರಾಮಿಕ್ ಎಲೆಕ್ಟ್ರೋಲೈಟಿನಲ್ಲಿ ಇದನ್ನು ಪರೀಕ್ಷಿಸಿತು. ಲಿಥಿಯಂನಲ್ಲಿ ಸೂಕ್ಷ್ಮ ಟೊಳ್ಳುಗಳು ಮೂಡಿ, ಅವುಗಳ ಅಂಚಿನಲ್ಲಿ ವಿದ್ಯುತ್ ದಟ್ಟೈಸಿ ಮುಳ್ಳು ಹುಟ್ಟುತ್ತದೆಂದು ಕಂಡಿತು. ನಡುವೆ ಟಂಗ್‌ಸ್ಟನ್‌ನಂಥ ಲೋಹದ ತೆಳು ಲೇಪ ಕೊಟ್ಟಾಗ ಮುಳ್ಳು ಬೆಳೆಯುವುದು ತಡವಾಯಿತು. ಪಾಲಿಮರ್ ಬೇರೆ ವಸ್ತು ನಿಜ. ಆದರೆ ಅಲ್ಲಿಯೂ ಸಂಪರ್ಕ ಕೆಟ್ಟರೆ ಹಾಳೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ನಾಳೆ ‘ಘನ ಬ್ಯಾಟರಿ’ಯ ಜಾಹೀರಾತು ಕಂಡರೆ ಎರಡು ಪ್ರಶ್ನೆ ಕೇಳಿ: ಎಷ್ಟು ಡಿಗ್ರಿಯಲ್ಲಿ ಓಡುತ್ತದೆ, ಎಷ್ಟು ಸಲ ಚಾರ್ಜ್ ಮಾಡಬಹುದು?